ಹುಲಿಗೆವ್ವನ ನಂತರ ನಾನು

ಕಳೆದ ತಿಂಗಳು ಮೊಮ್ಮಗಳಿಗೆ ಕೆಮ್ಮು ಹಿಡಿಯಿತು. ಹೊಸಪೇಟೆಯಲ್ಲಿ ಕೆಮ್ಮಿಗೆ ಕಾರಣ ಹುಡುಕುತ್ತ ಕೂರಬೇಕಾಗಿಲ್ಲ. ಕಿಟಕಿಯ ಸರಳಿನ ಮೇಲೆ ಬೆರಳೆಳೆದರೆ ಅದಿರಿನ ಕೆಂಪು ಧೂಳು ಈಗಲೂ ಹತ್ತುತ್ತದೆ. ಪಕ್ಕದ ಮನೆಯವರು ಹೇಳಿದ ಮದ್ದು ಎಂದು ಸೊಸೆ ಕಪ್ಪು ಒಣದ್ರಾಕ್ಷಿ ನೆನೆಹಾಕಿ ಬೆಳಿಗ್ಗೆ ಒಲೆಯ ಮೇಲಿಟ್ಟಳು. ನಾನು ಹೊರಗಿನ ಕಟ್ಟೆಯ ಮೇಲೆ ಮೆಂತ್ಯೆಸೊಪ್ಪು ಸೋಸುತ್ತ ಕೂತಿದ್ದೆ. ನೀರು ಕುದಿಯಲು ಹತ್ತಿತು. ಮೊದಲು ಒಂದು ಹುಳಿ ವಾಸನೆ, ಅದರ ಹಿಂದೆಯೇ ಬೆಲ್ಲ ಕರಗಿದಂಥ ಸಿಹಿ, ಅದರಡಿ ಎಲ್ಲೋ ಹಸಿ ಕಟ್ಟಿಗೆಯ ಒಗರು. ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ಗ್ಯಾಸಿನ ಒಲೆಯ ಮೇಲೆ ಕಟ್ಟಿಗೆಯ ಒಗರು ಎಲ್ಲಿಂದ ಬರಬೇಕು? ಅದು ನಾನು ಸೇರಿಸಿಕೊಂಡದ್ದು. ನಲವತ್ತು ವರ್ಷದ ಹಿಂದಿನ ಅಡುಗೆಮನೆಯೊಂದರಿಂದ ತಂದು ಸೇರಿಸಿಕೊಂಡದ್ದು. ಸೊಸೆ ಬಂದು, "ಅತ್ತೀ, ಯಾಕ್ರೀ, ಕಣ್ಣಾಗ ಏನರ ಬಿತ್ತೇನು?" ಎಂದು ಕೇಳಿದಳು. ಹೂಂ, ಧೂಳು ಅಂದೆ. ಈ ಊರಲ್ಲಿ ಆ ಸುಳ್ಳನ್ನು ಯಾರಾದರೂ ನಂಬುತ್ತಾರೆ.

ನನ್ನವ್ವ ತಿಂಗಳಿಗೊಂದು ಸಲ, ಮೊದಲನೆಯ ಭಾನುವಾರದ ಹಿಂದಿನ ದಿನ, ಹೀಗೇ ಒಣದ್ರಾಕ್ಷಿ ಕುದಿಸುತ್ತಿದ್ದಳು. ಅಪ್ಪ ಕ್ರೈಸ್ತ ಸಭಾಪಾಲಕರಾಗಿದ್ದರು. ಕಂಪ್ಲಿಯಿಂದಾಚೆ, ಕಾಲುವೆಯ ದಂಡೆಯ ಮೇಲಿನ ಒಂದು ಸಣ್ಣ ಊರು. ಊರಿನಿಂದ ಎರಡು ಗದ್ದೆಯಷ್ಟು ದೂರದಲ್ಲಿ ನಮ್ಮ ಮಾದರ ಕೇರಿ. ಕೇರಿಯ ತುದಿಗೆ ಹೆಂಚಿನ ಪ್ರಾರ್ಥನಾ ಮಂದಿರ, ಅದರ ಬೆನ್ನಿಗೆ ಅಂಟಿಕೊಂಡಂತೆ ನಮ್ಮ ಮನೆ. ಮನೆಯೆಂದರೆ ಎರಡೇ ಅಂಕಣ. ಆದರೆ ಬಾಗಿಲು ತೆಗೆದರೆ ಕಣ್ಣು ಹಾಯುವಷ್ಟೂ ಭತ್ತ, ಭತ್ತದಾಚೆ ಕಬ್ಬು, ಕಬ್ಬಿನಾಚೆ ಹಂಪಿಯ ಕಡೆಯ ಬಂಡೆಗುಡ್ಡಗಳು. ಕೊಯ್ಲಿನ ಕಾಲದಲ್ಲಿ ಅಕ್ಕಿ ಗಿರಣಿಯ ತೌಡಿನ ವಾಸನೆ ಮನೆಯೊಳಗಿನ ಹಾಸಿಗೆಗೂ ಬಂದು ಸೇರಿಕೊಳ್ಳುತ್ತಿತ್ತು. ಅವ್ವ ಕುದಿಸಿದ ದ್ರಾಕ್ಷಿಯನ್ನು ಬಿಳಿ ಬಟ್ಟೆಯಲ್ಲಿ ಹಿಂಡಿ, ರಸವನ್ನು ಗಾಜಿನ ಬಾಟಲಿಗೆ ತುಂಬಿ, ಒದ್ದೆ ಬಟ್ಟೆ ಸುತ್ತಿ ನೆಲುವಿನ ಮೇಲಿಡುತ್ತಿದ್ದಳು. ಹಿಂಡಿದ ಗಸಿ ನನಗೆ. ಅದನ್ನು ನೆಕ್ಕುತ್ತ ನಾನು ಹೊಸ್ತಿಲ ಮೇಲೆ ಕೂತರೆ ಅವ್ವ, "ದೇವರ ಎಂಜಲ ನೀ ಉಣ್ಣಬೇಕು, ನಿನ್ನ ಎಂಜಲ ದೇವರಿಗೆ ಹೋಗಬಾರದು. ಆ ಕಡಿ ಸರಿ" ಎಂದು ಗದರುತ್ತಿದ್ದಳು. ನಿಮಗೂ ಇಂಥ ಒಂದು ಹೊಸ್ತಿಲು ಇದ್ದೀತು. ಈಗ ಅದರ ಮೇಲೆ ಯಾರು ಕೂರುತ್ತಾರೋ, ಅಥವಾ ಹೊಸ್ತಿಲೇ ಇಲ್ಲವೋ.

ಭಾನುವಾರ ಪ್ರಭುಭೋಜನಕ್ಕೆ, ಯೇಸುವಿನ ನೆನಪಿಗೆ ಎಲ್ಲರೂ ಕುಡಿಯುವ ಗುಟುಕಿಗೆ, ಆ ರಸ ಒಂದು ಪಾತ್ರೆಗೆ ಹೋಗುತ್ತಿತ್ತು. ಬೆಳ್ಳಿಯ ಲೇಪ ಹೋಗಿ ಅಲ್ಲಲ್ಲಿ ಹಿತ್ತಾಳೆ ಕಾಣುತ್ತಿದ್ದ, ಕಾಲುಳ್ಳ ಪಾತ್ರೆ. ಮೊದಲು ಗಂಡಸರು, ನಂತರ ಹೆಂಗಸರು, ಸಾಲು ಸಾಲಾಗಿ ಬಂದು ಮುಂದಿನ ಉದ್ದ ಚಾಪೆಯ ಮೇಲೆ ಮೊಣಕಾಲೂರುತ್ತಿದ್ದರು. ಅಪ್ಪ ಒಬ್ಬೊಬ್ಬರ ಬಾಯಿಗೂ ಅದೇ ಪಾತ್ರೆ ಹಿಡಿಯುತ್ತಿದ್ದರು. ಒಬ್ಬರು ಗುಟುಕರಿಸಿದ ಮೇಲೆ ಅಂಚನ್ನು ಬಿಳಿ ವಸ್ತ್ರದಿಂದ ಒರೆಸಿ, ಪಾತ್ರೆಯನ್ನು ತುಸು ತಿರುಗಿಸಿ ಮುಂದಿನವರಿಗೆ. ಎಲ್ಲರದೂ ಮುಗಿದ ಮೇಲೆ ತಳದಲ್ಲಿ ಉಳಿದದ್ದನ್ನು ಅಪ್ಪ ತಾವೇ ಕುಡಿಯುತ್ತಿದ್ದರು. ಇಡೀ ಕೇರಿಯ ಎಂಜಲನ್ನು ಕಣ್ಣು ಮುಚ್ಚಿ, ಒಂದೇ ಗುಟುಕಿಗೆ. ಅಪ್ಪನ ಪ್ರಸಂಗಗಳು ಉದ್ದ, ಹಿಂದಿನ ಸಾಲಿನವರು ತೂಕಡಿಸುತ್ತಿದ್ದರು. ಆದರೆ ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದ ಒಂದು ಕಥೆಗೆ ಯಾರೂ ತೂಕಡಿಸುತ್ತಿರಲಿಲ್ಲ. ಒಬ್ಬ ಯಜಮಾನ ದೊಡ್ಡ ಊಟ ಇಡಿಸಿ ಊರಿನವರನ್ನು ಕರೆದ; ಒಬ್ಬನಿಗೆ ಹೊಲ, ಒಬ್ಬನಿಗೆ ಎತ್ತು, ಒಬ್ಬನಿಗೆ ಹೊಸ ಹೆಂಡತಿ, ಯಾರೂ ಬರಲಿಲ್ಲ; ಆಗ ಅವನು ಸಂದಿಗೊಂದಿಯ ಕುಂಟರನ್ನು, ಕುರುಡರನ್ನು, ಬೇಲಿಯ ಬುಡದಲ್ಲಿ ಬಿದ್ದವರನ್ನು ಕರೆಸಿ ಪಂಕ್ತಿಗೆ ಕೂರಿಸಿದ. ಆ ಬೇಲಿಯ ಬುಡದವರು ನಾವೇ ಎಂದು ನಮ್ಮ ಕೇರಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ತಿಪ್ಪಣ್ಣಮಾವ. ಸಭೆಯ ಹಿರಿಯರು. ಕಾಗದಪತ್ರದಲ್ಲಿ ಅವರೂ ನಮ್ಮ ಕೇರಿಯ ಎಷ್ಟೋ ಜನರಂತೆ ಹಿಂದೂವೇ. ಭಾನುವಾರ ನಮ್ಮಲ್ಲಿ, ದೀಪಾವಳಿಗೆ ತಮ್ಮ ಮನೆಯಲ್ಲಿ, ಇದರಲ್ಲಿ ಯಾರಿಗೂ ಏನೂ ವಿಶೇಷ ಕಾಣುತ್ತಿರಲಿಲ್ಲ. ಹರೆಯದಲ್ಲಿ ಅವರು ಪೇಟೆಯ ಹೋಟೆಲೊಂದಕ್ಕೆ ಹೋಗಿದ್ದರಂತೆ. ನಮ್ಮವರಿಗೆಂದು ಗೋಡೆಯ ಗೂಡಿನಲ್ಲಿಟ್ಟಿದ್ದ ಲೋಟ ತಾವೇ ತೊಳೆದುಕೊಂಡು, ಹೊರಗೆ ನಿಂತು ಕುಡಿಯಬೇಕು. ಮಾವ ಆ ಲೋಟವನ್ನು ಕಲ್ಲಿಗೆ ಕುಕ್ಕಿ ಒಡೆದು, ಒಳಗೆ ಹೋಗಿ ಬೆಂಚಿನ ಮೇಲೆ ಕೂತುಬಿಟ್ಟರು. ಅವತ್ತು ಬಿದ್ದ ಏಟಿಗೆ ಎಡಗಿವಿ ಕಡೆಯವರೆಗೂ ಕೇಳಿಸಲಿಲ್ಲ. ಅಪ್ಪನ ಪ್ರಸಂಗ ಕೇಳುವಾಗ ಬಲಗಿವಿ ಮುಂದೆ ಮಾಡಿ, ತಲೆ ಓರೆಮಾಡಿ ಕೂರುತ್ತಿದ್ದರು. ಅಪ್ಪನಿಗೆ ಕಾಮಾಲೆಯಾದಾಗ ಎತ್ತಿನ ಗಾಡಿ ಹೂಡಿಕೊಂಡು ಕಂಪ್ಲಿಯ ಆಸ್ಪತ್ರೆಗೆ ಒಯ್ದದ್ದೂ ಅವರೇ. ಅವರನ್ನು ಕೆಟ್ಟವರೆಂದು ಬರೆಯಲು ನನ್ನ ಕೈ ಏಳುವುದಿಲ್ಲ. ಕೆಟ್ಟವರಾಗಿದ್ದರೆ ಈ ಕಥೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಇನ್ನು ಹುಲಿಗೆವ್ವ. ಅವಳು ಡಕ್ಕಲಿಗರವಳು. ಈಗಿನ ಮಕ್ಕಳಿಗೆ ಆ ಹೆಸರೇ ಗೊತ್ತಿಲ್ಲ, ಹೇಳಬೇಕು. ನಮ್ಮ ಕೇರಿಗೆ ಬೇಡಲು ಬರುವ ಜನವೂ ಇದ್ದರು. ಊರಿಗಲ್ಲ, ನಮ್ಮ ಕೇರಿಗೆ ಮಾತ್ರ. ನಮ್ಮ ಕುಲ ಹುಟ್ಟಿದ ಪುರಾಣ ನಮಗೇ ಗೊತ್ತಿರಲಿಲ್ಲ, ಅವರಿಗೆ ಬಾಯಿಪಾಠವಿತ್ತು. ಸುಗ್ಗಿ ಮುಗಿದ ಮೇಲೆ ಬಂದು, ಕೇರಿಯ ಹೊರಗೆ ಗುಡಾರ ಹಾಕಿ, ಅದನ್ನು ಹಾಡಿ ಹೇಳಿ ಕಾಳುಕಡಿ ಪಡೆದು ಹೋಗುತ್ತಿದ್ದರು. ಹಳೇಮಕ್ಕಳು ಎಂದು ಬಾಯಿತುಂಬ ಕರೆಯುತ್ತಿದ್ದೆವು. ಆದರೆ ಹೊಸ್ತಿಲು ದಾಟಿಸುತ್ತಿರಲಿಲ್ಲ. ಊರಿನವರು ನಮ್ಮನ್ನು ಎಷ್ಟು ದೂರ ನಿಲ್ಲಿಸುತ್ತಿದ್ದರೋ ಅಷ್ಟೇ ದೂರ ಅಳೆದಂತೆ ನಾವು ಅವರನ್ನು ನಿಲ್ಲಿಸುತ್ತಿದ್ದೆವು. ನೀರನ್ನು ಮೇಲಿನಿಂದ ಬೊಗಸೆಗೆ ಸುರಿಯುವುದು, ರೊಟ್ಟಿಯನ್ನು ಸೆರಗಿಗೆ ಎಸೆಯುವುದು. ತುಳಿಸಿಕೊಂಡವರಿಗೂ ತುಳಿಯಲು ಒಬ್ಬರು ಬೇಕಾಗುತ್ತಾರೆ ಎಂಬುದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ.

ಒಂದು ವರ್ಷ ಅವರ ಗುಡಾರಗಳು ಎದ್ದು ಹೋದವು, ಒಂದು ಮಾತ್ರ ಉಳಿಯಿತು. ಹುಲಿಗೆವ್ವನ ಗಂಡ ಜ್ವರದಲ್ಲಿ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಜೊತೆಯವರು ಕರೆದರೂ ಅವಳು ಹೋಗಲಿಲ್ಲ. ಅವನನ್ನು ಮಣ್ಣು ಮಾಡಿದ ಕಾಲುವೆ ದಂಡೆ ಕಾಣುವಂತೆ, ಮಂದಿರದ ಹಿಂದಿನ ಹುಣಸೆಮರದ ಕೆಳಗೆ ಗುಡಾರ ಹಾಕಿಕೊಂಡಳು. ಅಪ್ಪ ಬೇಡವೆನ್ನಲಿಲ್ಲ. ಅವ್ವ ದಿನಾ ಒಂದು ರೊಟ್ಟಿ, ಪಲ್ಯ ಕೊಟ್ಟು ಕಳಿಸುತ್ತಿದ್ದಳು, ಒಯ್ಯುವವಳು ನಾನು. ಆಗ ಅವಳಿಗೆ ನಲವತ್ತೈದೋ ಐವತ್ತೋ. ಕಪ್ಪು ಮೈ, ಗಲ್ಲದ ಮೇಲೆ ಮೂರು ಚುಕ್ಕಿ ಹಚ್ಚೆ, ಅಗಲವಾದ ಅಂಗಾಲು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು ನನಗೆ ಕೊಡುತ್ತಿದ್ದಳು. ಅವಳು ಕೊಟ್ಟದ್ದನ್ನು ತಿನ್ನಬಾರದೆಂದು ಕೇರಿಯ ನಿಯಮ. ನಾನು ಮರದ ಮರೆಯಲ್ಲಿ ಕೂತು ತಿಂದು, ಬಾಯಿ ಒರೆಸಿಕೊಂಡು ಮನೆಗೆ ಬರುತ್ತಿದ್ದೆ. ನನಗಿಂತ ಮೂರು ಪಟ್ಟು ದೊಡ್ಡವಳನ್ನು ಏ ಹುಲಿಗೆವ್ವ ಎಂದೇ ಕರೆಯುತ್ತಿದ್ದೆ. ಅವಳು ನನ್ನನ್ನು ಸಣ್ಣವ್ವ ಎನ್ನುತ್ತಿದ್ದಳು.

ಭಾನುವಾರ ಅವಳು ಮಂದಿರದ ಹಿಂದಿನ ಕಿಟಕಿಯ ಹೊರಗೆ ನೆಲದ ಮೇಲೆ ಕೂತು ಪ್ರಸಂಗ ಕೇಳುತ್ತಿದ್ದಳು. ಅವಳ ಮುಖ ಯಾರಿಗೂ ಕಾಣುತ್ತಿರಲಿಲ್ಲ; ಸರಳುಗಳ ನಡುವೆ ಬೆರಳು ಮಾತ್ರ. ಓದು ಬಾರದವಳು, ಆದರೆ ಕಥೆ ಹಿಡಿದಿಡುವುದು ಅವಳ ಕುಲದ ಕಸುಬು. ಒಮ್ಮೆ ಕೇಳಿದರೆ ಸಾಕು, ವಾರದೊಳಗೆ ಅದನ್ನು ತನ್ನ ರಾಗಕ್ಕೆ ಕೂರಿಸಿ ನನಗೆ ಹೇಳುತ್ತಿದ್ದಳು. "ಯೇಸುಸ್ವಾಮಿ ನಮ್ಮಾಂವಾ ಸಣ್ಣವ್ವ. ಅವ್ವ ಅಪ್ಪ ಊರೂರು ತಿರುಗ್ಯಾರ, ಯಾರೂ ಬಾಗಲಾ ತಗೀಲಿಲ್ಲ. ದನದ ಮನ್ಯಾಗ ಹುಟ್ಯಾನ. ದೊಡ್ಡಾಂವ ಆದ ಮ್ಯಾಲೂ ತಲಿ ಊರಾಕ ಜಾಗ ಇರಲಿಲ್ಲಂತ. ಗುಡಾರ ಒಂದು ಇದ್ದಿಲ್ಲ ನೋಡು, ಉಳಿಕಿದ್ದೆಲ್ಲಾ ನಮ್ಮ ಬಾಳೇವೇನ." ಅಪ್ಪ ಇದನ್ನು ನನ್ನ ಬಾಯಿಂದ ಕೇಳಿ, "ನಾ ಇಪ್ಪತ್ತು ವರ್ಷ ಹೇಳಿದ್ದು ಆಕಿಗೊಬ್ಬಾಕಿಗೇ ಮುಟ್ಟೇತಿ" ಎಂದರು.

ಮೂರನೆಯ ವರ್ಷ ಅವಳು ಅಪ್ಪನನ್ನು ಕೇಳಿದಳು. ನಮ್ಮ ಅಂಗಳದ ಅಂಚಿನಲ್ಲಿ, ತನ್ನ ಲೆಕ್ಕದ ದೂರದಲ್ಲಿ ನಿಂತು ಕೇಳಿದಳು. "ಅಯ್ಯನೋರ, ನನಗೂ ನೀರು ಹಾಕ್ರಿ. ಆ ಬಟ್ಟಲದಾಗ ಒಂದು ಗುಟುಕು ಕೊಡ್ರಿ. ಬ್ಯಾರೆ ಏನೂ ಬ್ಯಾಡ್ರಿ. ಎಲ್ಲಾರ ಕೂಡ ಒಂದು ಸಲ ಬಾಯಿ ಹಚ್ಚಿ ಕುಡಿದೆ ಅಂದ್ರ ಸಾಕು." ಅವಳು ಸ್ವರ್ಗ ಕೇಳಲಿಲ್ಲ, ಮನೆ ಕೇಳಲಿಲ್ಲ, ಕೂಲಿ ಕೇಳಲಿಲ್ಲ. ಹುಟ್ಟಿದಾಗಿನಿಂದ ಬೊಗಸೆಯಲ್ಲಿ ನೀರು ಕುಡಿದವಳು ಎಲ್ಲರೊಂದಿಗೆ ಒಂದು ಪಾತ್ರೆಗೆ ಬಾಯಿಡಬೇಕೆಂದಳು. ಅಪ್ಪನ ಕಣ್ಣು ತುಂಬಿತು. ದೀಕ್ಷಾಸ್ನಾನ ಕಾಲುವೆಯ ದಂಡೆಯ ಮೇಲೇ ಆಯಿತು, ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ಹರಿಯುವ ನೀರಿಗೆ ಮೈಲಿಗೆಯಿಲ್ಲವಲ್ಲ. ತಕರಾರು ಬಂದದ್ದು ಪಾತ್ರೆಗೆ.

ಹಿರಿಯರು ನಮ್ಮ ಪಡಸಾಲೆಯಲ್ಲಿ ಸೇರಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ಚಹಾದ ಲೋಟಗಳ ಮುಂದೆ ಕೂತು ಕೇಳಿಸಿಕೊಂಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಬ್ಬರು, ಹೆಂಗಸರು ಒಪ್ಪುವುದಿಲ್ಲ ಎಂದರು. ಇನ್ನೊಬ್ಬರು, ನಾಳೆ ಮಕ್ಕಳ ಮದುವೆಗೆ ಹೆಣ್ಣು ಕೊಡುವವರು ಯಾರು ಎಂದರು. ಅಪ್ಪ ತಿಪ್ಪಣ್ಣಮಾವನ ಬಲಗಿವಿಯ ಕಡೆ ಸರಿದು ಕೂತು ಹೇಳಿದರು: "ತಿಪ್ಪಣ್ಣ, ಬ್ಯಾರೆ ಲೋಟ ಒಡದಾಂವ ನೀನು. ನೀನಾರ ಹೇಳು." ಮಾವ ಕಿವಿಯನ್ನು ತಿಕ್ಕಿಕೊಂಡರು. "ಅಯ್ಯನೋರ, ನಾ ಲೋಟ ಒಡದದ್ದು ಖರೆ. ಅವರು ನಮ್ಮನ್ನ ಮುಟ್ಟಬೇಕಂತ ಒಡದೆ. ನಾವು ಇವರನ್ನ ಮುಟ್ಟಬೇಕಂತ ಅಲ್ಲ. ನಮ್ಮಪ್ಪ ಇವರ ಕೈ ನೀರು ಮುಟ್ಟಿದಾಂವಲ್ಲ. ನಾ ಮುಟ್ಟಿದ್ರ ಅಪ್ಪನ್ನ ಸುಳ್ಳು ಮಾಡಿದಂಗ ಆಕ್ಕೇತಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಅವ್ವ ಒಳಗೆ ಗೊಣಗಿದಳು. ಕಡೆಗೆ ಮಾವನೇ ಒಂದು ದಾರಿ ತೆಗೆದರು. ಅವಳು ಹೆಂಗಸರ ಕಡೆಯ ಸಾಲಿನ ಕಡೆಯ ಜಾಗದಲ್ಲಿ ಕೂರಲಿ. ಎಲ್ಲರದೂ ಮುಗಿದ ಮೇಲೆ ಕುಡಿಯಲಿ. ಅವಳ ನಂತರ ಕುಡಿಯುವವರು ಅಯ್ಯನೋರೊಬ್ಬರೇ, ಅದು ಅವರಿಗೆ ಬಿಟ್ಟದ್ದು. ಮುಂದಿನ ಸಲಕ್ಕೆ ಪಾತ್ರೆಯನ್ನು ಬೂದಿ ಹಾಕಿ ಬೆಳಗಿದರಾಯಿತು.

ಅಪ್ಪ ಒಪ್ಪಿಕೊಂಡರು. ಆದರೆ ಆ ಒಪ್ಪಿಗೆ ಅವರ ಗಂಟಲಲ್ಲಿ ಬಿಸಿ ತುಪ್ಪದ ಹಾಗೆ ಕೂತಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಶನಿವಾರ ಅವ್ವ ದ್ರಾಕ್ಷಿ ಹಿಂಡುತ್ತಿದ್ದಾಗ ಅಡುಗೆಮನೆಗೆ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತರು. ನನಗೆ ಹದಿನಾಲ್ಕು. ಆ ವರ್ಷವೇ ದೃಢೀಕರಣವಾಗಿ, ಪಾತ್ರೆಗೆ ಬಾಯಿಡುವ ಹಕ್ಕು ಬಂದು ನಾಲ್ಕು ತಿಂಗಳಾಗಿತ್ತು. "ನಾಳೆ ನೀ ಹುಲಿಗೆವ್ವನ ಆಚೀ ಕಡಿ ಕುಂದ್ರು" ಎಂದರು. "ಆಕಿ ಕುಡಿದ ಮ್ಯಾಲೆ ನೀ ಕುಡಿ. ಬ್ಯಾರೆಯವರ ಮನೀ ಮಕ್ಕಳನ್ನ ನಾ ಕೇಳಾಕ ಬರಂಗಿಲ್ಲ. ನನ್ನ ಮಗಳನ್ನ ಕೇಳಬಹುದಲ್ಲ? ನಮ್ಮ ಮನಿಯಿಂದನ ಸುರು ಆಗ್ಲಿ. ನೀ ಕುಡಿದದ್ದು ನೋಡಿದ್ರ ಮುಂದಿನ ತಿಂಗಳು ಇನ್ನೊಬ್ಬರು ಕುಡೀತಾರ." ಅವ್ವ ಹಿಂಡುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ನಾನು ಹೂಂ ಅಂದೆ. ಮನಸಾರೆ ಅಂದೆ. ಮರದ ಮರೆಯಲ್ಲಿ ಅವಳ ಕೈಯ ಹುಣಸೆಬೀಜ ಎಷ್ಟು ತಿಂದಿದ್ದೇನೋ, ಇದೇನು ದೊಡ್ಡದು ಎಂದುಕೊಂಡೆ. ಅಪ್ಪ ನನ್ನ ತಲೆ ಸವರಿ ಎದ್ದುಹೋದರು. ಅವರು ಹಾಗೆ ತಲೆ ಸವರಿದ್ದು ಅದೇ ಕಡೆ.

ಭಾನುವಾರ ಬೆಳಿಗ್ಗೆ ನೀರಿಗೆ ಹೋದಾಗ ಶಾರದಿ ಸಿಕ್ಕಳು. ತಿಪ್ಪಣ್ಣಮಾವನ ಮಗಳು, ನನ್ನ ಜೀವದ ಗೆಳತಿ; ಒಂದೇ ಕೊಡ ಇಬ್ಬರೂ ಹೊರುತ್ತಿದ್ದೆವು, ಒಂದೇ ಪೇರಲಹಣ್ಣನ್ನು ಸರದಿಯ ಮೇಲೆ ಕಚ್ಚುತ್ತಿದ್ದೆವು. ನಾನು ಹೆಮ್ಮೆಯಿಂದ ಅಪ್ಪ ಹೇಳಿದ್ದನ್ನು ಹೇಳಿದೆ. ಅವಳು ಕೊಡ ಕೆಳಗಿಟ್ಟಳು. "ಹಂಗಾರ ಮತ್ತ ನಮ್ಮ ಮನಿಗೆ ಬರಬ್ಯಾಡಲೇ. ಅವ್ವ ನಿನಗೂ ನೀರು ಮ್ಯಾಲಿಂದನ ಹಾಕ್ತಾಳ." ಬೈದದ್ದಲ್ಲ, ಹೆದರಿಸಿದ್ದಲ್ಲ. ಮಳೆ ಬಂದರೆ ನೆನೆಯುತ್ತೀ ಎಂದಂತೆ ಹೇಳಿದಳು. ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ನನ್ನದೇ ಎರಡು ಕೈ ಬೊಗಸೆಯಾಗಿ ಕಾಣುತ್ತಿತ್ತು. ಶಾರದಿಯ ಅವ್ವ ಮೇಲಿನಿಂದ ತಂಬಿಗೆ ಬಗ್ಗಿಸುವುದು, ನೀರು ಮೊಣಕೈಗೆ ಇಳಿಯುವುದು, ಅವಳು ಮುಖ ಆಚೆ ಮಾಡಿಕೊಳ್ಳುವುದು.

ಹುಲಿಗೆವ್ವ ಅವತ್ತು ಮೊದಲ ಸಲ ಮಂದಿರದ ಒಳಗೆ ಬಂದಳು. ಅವ್ವ ಕೊಟ್ಟ ಹಳೆಯ ಬಿಳಿ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದಿದ್ದಳು. ಅಗಲ ಅಂಗಾಲುಗಳನ್ನು ಬಾಗಿಲ ಬಳಿಯ ಗೋಣಿಗೆ ಎಷ್ಟು ಸಲ ಒರೆಸಿಕೊಂಡಳೋ. ಗಂಡಸರ ಸಾಲು ಮುಗಿಯಿತು, ಹೆಂಗಸರ ಮೂರು ಸಾಲು ಮುಗಿದವು. ಕಡೆಯ ಸಾಲಿನ ಕಡೆಯಲ್ಲಿ ಅವಳು ಮೊಣಕಾಲೂರಿದಳು, ಅವಳಾಚೆ ನಾನು. ಗುಸುಗುಸು ಎದ್ದಿತು. ಅಯ್ಯನೋರು ಮಾತು ಮುರಿದರು ಎಂಬುದು ಎಲ್ಲರಿಗೂ ಆ ಕ್ಷಣ ತಿಳಿಯಿತು. ಅಪ್ಪ ಪಾತ್ರೆಯನ್ನು ಅವಳ ಬಾಯಿಗೆ ಹಿಡಿದರು. ಅವಳಿಗೆ ಅಭ್ಯಾಸವಿರಲಿಲ್ಲ, ತಲೆ ಹಿಂದಕ್ಕೆಸೆದು ಬಾಯಿ ತೆರೆದಳು, ಮೇಲಿನಿಂದ ಸುರಿಯುತ್ತಾರೆಂದು. ಅಪ್ಪ ಮೆಲ್ಲಗೆ, "ತುಟಿ ಹಚ್ಚವ್ವ" ಎಂದರು. ಹಚ್ಚಿದಳು. ಗುಟುಕರಿಸಿದ ಸದ್ದು ನನಗೆ ಕೇಳಿಸಿತು. ಅವಳ ಕಣ್ಣಿಂದ ನೀರು ಇಳಿದು ಹಚ್ಚೆಯ ಮೂರು ಚುಕ್ಕಿಯ ಮೇಲೆ ಹಾದುಹೋಯಿತು. ಅಪ್ಪ ಅಂಚು ಒರೆಸಿದರು, ಪಾತ್ರೆ ತಿರುಗಿಸಿದರು, ನನ್ನ ಮುಂದೆ ಹಿಡಿದರು.

ನಾನು ಕುಡಿಯಲಿಲ್ಲ. ಇದನ್ನು ಇನ್ನೂ ನಯವಾಗಿ ಹೇಳುವ ದಾರಿಯನ್ನು ನಲವತ್ತು ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ. ಕೂತಲ್ಲಿಂದ ಶಾರದಿ ಕಣ್ಣು ಬಿಟ್ಟು ನೋಡುತ್ತಿದ್ದಳು, ಅವಳ ಹಿಂದೆ ಅವಳ ಅವ್ವ, ಅದರ ಹಿಂದೆ ಕೇರಿಗೆ ಕೇರಿಯೇ. ತುಟಿ ಬಿಗಿಯಾಯಿತು. ಅಪ್ಪ ಕಾದರು. "ತಗೋಳವ್ವ" ಎಂದರು, ನನಗೊಬ್ಬಳಿಗೇ ಕೇಳುವಂತೆ. ನಾನು, "ನನಗ ಬ್ಯಾಡಪ್ಪಾ" ಎಂದೆ. ಮೆಲ್ಲಗೇ ಅಂದದ್ದು, ಆದರೆ ಆ ಮೌನದಲ್ಲಿ ಅದು ಹಿಂದಿನ ಗೋಡೆಯವರೆಗೆ ಹೋಯಿತು. ತಿಪ್ಪಣ್ಣಮಾವ ಬಲಗಿವಿ ತಿರುಗಿಸಿದ್ದು ನನಗೆ ಕಂಡಿತು. ಅಪ್ಪನ ಕೈ ಹಾಗೇ ನಿಂತಿತ್ತು. ಆಗ ಹುಲಿಗೆವ್ವ ನನ್ನ ಕಡೆ ನೋಡಿದಳು. ಅವಳು ಸಿಟ್ಟಾಗಿದ್ದರೆ, ಅತ್ತಿದ್ದರೆ, ಎದ್ದು ಹೋಗಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. ಅವಳು ಅಪ್ಪನಿಗೆ, "ಬಿಡ್ರಿ ಅಯ್ಯನೋರ, ಕೂಸು ಹೆದರೇತಿ. ಒತ್ತಾಯ ಮಾಡಬ್ಯಾಡ್ರಿ" ಎಂದಳು. ಅಪ್ಪ ಉಳಿದದ್ದನ್ನು ತಾವೇ ಕುಡಿದರು. ನಾಲ್ಕು ಹನಿ ಬಿಳಿ ವಸ್ತ್ರದ ಮೇಲೆ ಬಿತ್ತು. ಅವ್ವ ಆ ಕಲೆಯನ್ನು ಎಷ್ಟು ಉಜ್ಜಿದರೂ ಹೋಗಲಿಲ್ಲ.

ಅಪ್ಪ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಎದುರುತ್ತರ ಕೊಡಬಹುದಿತ್ತು. ಕೇರಿಯಲ್ಲಿ ಮಾತ್ರ ನನಗೆ ಒಳ್ಳೆಯ ಹೆಸರು ಬಂತು: ಅಯ್ಯನೋರಿಗಿಂತ ಅವರ ಮಗಳಿಗೇ ಬುದ್ಧಿ ಜಾಸ್ತಿ. ಶಾರದಿಯ ಅವ್ವ ಕರೆದು ಹೋಳಿಗೆ ಕೊಟ್ಟಳು, ನಾನು ತಿಂದೆ. ಮುಂದಿನ ಭಾನುವಾರ ಕಿಟಕಿಯ ಸರಳುಗಳಲ್ಲಿ ಬೆರಳು ಕಾಣಲಿಲ್ಲ. ಆ ವಾರವೆಲ್ಲ ರೊಟ್ಟಿ ಒಯ್ಯಲು ನಾನು ಒಪ್ಪಿರಲಿಲ್ಲ, ಅವ್ವನೇ ಒಯ್ದಿದ್ದಳು. ಹತ್ತನೆಯ ದಿನವೋ ಏನೋ, ಹುಣಸೆಮರದ ಕೆಳಗೆ ಗುಡಾರದ ಗೂಟ ಕಿತ್ತ ನಾಲ್ಕು ಕುಣಿ ಉಳಿದಿದ್ದವು. ಅಪ್ಪ ಸೈಕಲ್ ತೆಗೆದುಕೊಂಡು ಹೊಸಪೇಟೆ, ಸಂಡೂರು, ಬಂಡ್ರಿ ಅಂತ ಅವರ ಜನ ಇಳಿಯುವ ಕಡೆಯಲ್ಲೆಲ್ಲ ಸುತ್ತಿಬಂದರು. ಪ್ರತಿಸಲವೂ ಅದಿರಿನ ಧೂಳಿಗೆ ಕೆಂಪಾಗಿ ಬಂದು, ಕಾಲು ತೊಳೆದು, ಉಂಡು ಎದ್ದರು.

ಆ ಕ್ರಿಸ್ಮಸ್ಸಿಗೆ ತಿಪ್ಪಣ್ಣಮಾವ ಬಳ್ಳಾರಿಯಿಂದ ಒಂದು ಹೊಸ ವಸ್ತು ತರಿಸಿದರು. ಸ್ಟೀಲಿನ ತಟ್ಟೆ, ಅದರಲ್ಲಿ ತೂತುಗಳು, ತೂತಿಗೊಂದರಂತೆ ಹೆಬ್ಬೆರಳುದ್ದದ ನಲವತ್ತು ಲೋಟಗಳು. ಒಬ್ಬರದು ಒಬ್ಬರಿಗೆ ತಗಲುವುದೇ ಬೇಡ. "ನೋಡ್ರಿ ಅಯ್ಯನೋರ, ಇನ್ನ ಆಕಿ ಬಂದ್ರೂ ಬರ್ಲಿ. ಯಾರದೇನೂ ತಕರಾರಿಲ್ಲ" ಎಂದರು. ನಿಜವಾಗಿಯೂ ಅಪ್ಪನನ್ನು ಸಮಾಧಾನ ಮಾಡಲೆಂದೇ ತಂದಿದ್ದರು. ಅಪ್ಪ ಒಂದು ಲೋಟವನ್ನು ತೆಗೆದು, ತಿರುಗಿಸಿ ನೋಡಿ, "ತಿಪ್ಪಣ್ಣ, ಒಂದು ಒಡದಿದ್ದಿ. ನಲವತ್ತು ತಂದಿ" ಎಂದರು. ಮಾವನಿಗೆ ಅದು ಕೇಳಿಸಿತೋ ಇಲ್ಲವೋ, ಅಪ್ಪ ಎಡಗಿವಿಯ ಕಡೆ ಕೂತಿದ್ದರು. ಹಳೆಯ ಪಾತ್ರೆ ಪೆಟ್ಟಿಗೆ ಸೇರಿತು. ಊಟಕ್ಕೆ ಕರೆದ ಯಜಮಾನನ ಕಥೆಯನ್ನು ಅಪ್ಪ ಮತ್ತೆ ಹೇಳಲಿಲ್ಲ. ಎರಡು ವರ್ಷಕ್ಕೆ ಸಂಡೂರಿನ ಕಡೆ ವರ್ಗವಾಯಿತು. ಅಲ್ಲಿ ಗಣಿಯ ಸದ್ದಿನಲ್ಲಿ ಪ್ರಸಂಗಗಳು ಚಿಕ್ಕವಾದವು, ಆಮೇಲೆ ಬರೀ ಓದಿ ಮುಗಿಸುವುದಾಯಿತು. ಸಾಯುವಾಗ ಅವರಿಗೆ ಅರವತ್ತೂ ಆಗಿರಲಿಲ್ಲ. ಅವ್ವನೂ ಬಹಳ ದಿನ ಉಳಿಯಲಿಲ್ಲ. ಕಾಲುವೆ ದಂಡೆಯ ಆ ಎರಡು ಅಂಕಣದ ಮನೆ ಬಿದ್ದು, ಅದರ ಜಾಗದಲ್ಲಿ ಈಗ ಮಂದಿರದ ಶಾಮಿಯಾನ, ಕುರ್ಚಿ ಇಡುವ ಶೆಡ್ಡು ಇದೆ. ಮಂದಿರವೂ ದೊಡ್ಡದಾಗಿದೆ, ಹಾಲುಗಲ್ಲು ಹಾಕಿದ್ದಾರೆ, ಹುಣಸೆಮರ ಇಲ್ಲ. ಇಲ್ಲಿ ಹೊಸಪೇಟೆಯಲ್ಲಿ ನಾನು ಹೋಗುವ ಮಂದಿರದಲ್ಲಿ ಕುಡಿದು ಬಿಸಾಡುವ ಪ್ಲಾಸ್ಟಿಕ್ ಲೋಟ. ಭಾಳ ಸ್ವಚ್ಛ ಅತ್ತಿ, ಎನ್ನುತ್ತಾಳೆ ಸೊಸೆ. ಇರಬಹುದು.

ಮದುವೆಯಾಗಿ, ಗಂಡನಿಗೆ ತೋರಣಗಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ ನಾನು ಇದನ್ನೆಲ್ಲ ಮರೆತವಳಂತೆ ನಡೆದುಕೊಳ್ಳಲು ಕಲಿತಿದ್ದೆ. ಒಂದು ಏಪ್ರಿಲ್ ಮಧ್ಯಾಹ್ನ ಹೊಸಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸಿಗೆ ಕಾಯುತ್ತಿದ್ದೆ. ಕಂಬಕ್ಕೆ ಒರಗಿ ಒಬ್ಬ ಮುದುಕಿ ಕೂತಿದ್ದಳು, ಮುಂದೆ ಒಂದು ಗಂಟು. ಗಲ್ಲದ ಮೇಲಿನ ಮೂರು ಚುಕ್ಕಿ ಸುಕ್ಕಿನೊಳಗೆ ಸೇರಿಹೋಗಿದ್ದವು, ಆದರೆ ಆ ಅಂಗಾಲು ಗುರುತು ಸಿಕ್ಕಿತು. ಹತ್ತಿರ ಹೋಗಿ ಕುಕ್ಕರಿಸಿದೆ. ಅವಳೇ ಹಣೆಗೆ ಕೈ ಅಡ್ಡ ಹಿಡಿದು ನೋಡಿ, "ಅಯ್ಯನೋರ ಮನೀ ಸಣ್ಣವ್ವ ಅಲ್ಲೇನು?" ಎಂದಳು. ಅಪ್ಪ ಹೋದರು ಎಂದೆ. "ಕೇಳೀನಿ ತಾಯಿ. ದೊಡ್ಡ ಜೀವ" ಎಂದಳು. ಹಂಪಿಯ ಬಾಳೆ ತೋಟಗಳ ಹಿಂದೆ ತಮ್ಮವರ ಗುಡಾರದಲ್ಲಿದ್ದಾಳಂತೆ. ಕಥೆ ಕೇಳುವವರು ಯಾರೂ ಇಲ್ಲವಂತೆ, ತಮ್ಮ ಮಕ್ಕಳೂ ಕೇಳುವುದಿಲ್ಲವಂತೆ. ಬಿಸಿಲಿಗೆ ಅವಳ ತುಟಿ ಒಡೆದಿತ್ತು. ನಾನು ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಕೊಟ್ಟೆ.

ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ತಲೆ ಹಿಂದಕ್ಕೆಸೆದು, ಬಾಟಲಿಯನ್ನು ಮುಖದಿಂದ ಒಂದು ಗೇಣು ಮೇಲಕ್ಕೆತ್ತಿದಳು. ಅರ್ಧ ನೀರು ಕತ್ತಿನ ಮೇಲೆ, ಎದೆಯ ಮೇಲೆ ಹೋಯಿತು. "ಬಾಯಿ ಹಚ್ಚಿ ಕುಡಿಯವ್ವ" ಎಂದೆ. "ನಿನ್ನ ಕಾಲಿಗೆ ಬೀಳ್ತೀನಿ, ಬಾಯಿ ಹಚ್ಚಿ ಕುಡಿ." ಸುತ್ತಲಿನವರು ತಿರುಗಿ ನೋಡಿದರು. ಅವಳು ಬಾಟಲಿ ಇಳಿಸಿ, ಅದರ ಬಾಯನ್ನು ಸೆರಗಿನ ಒಣ ಭಾಗ ಹುಡುಕಿ ಒರೆಸಿ, ನನ್ನ ಕೈಗೆ ಕೊಡದೆ ನನ್ನ ಮುಂದೆ ನೆಲದ ಮೇಲಿಟ್ಟಳು. "ಬ್ಯಾಡ ಸಣ್ಣವ್ವ" ಎಂದಳು, ನಗುತ್ತಲೇ. "ಒಂದು ಸಲ ಹಚ್ಚಿದೆ. ನಿಮ್ಮಪ್ಪ ನಾಲ್ಕು ಮಂದ್ಯಾಗ ತಲಿ ತಗ್ಗಿಸಬೇಕಾತು. ನಿನಗ ಯಾಕ ಮತ್ತ ತ್ರಾಸು." ಕಂಪ್ಲಿಯ ಬಸ್ಸು ಬಂತು, ಜನ ನುಗ್ಗಿದರು. ನಾನು ಆ ಬಾಟಲಿ ಎತ್ತಿಕೊಂಡು ಅವಳ ಕಣ್ಣೆದುರೇ ತುಟಿಗಿಟ್ಟು ತಳದವರೆಗೂ ಕುಡಿದೆ. ಅವಳು ಬಾಯಿ ಹಚ್ಚದ ಬಾಟಲಿ ಅದು. ಎಷ್ಟು ಕುಡಿದರೇನು, ಬರೀ ನೀರು.